ಟ್ಯಾಂಕಿಗೆ ತೀರ್ಥ

ನಮ್ಮ ದೇವರಮನೆಯ ಉದ್ಧರಣೆಯನ್ನು, ಅಂದರೆ ತೀರ್ಥ ಕೊಡುವ ತಾಮ್ರದ ಪುಟ್ಟ ಚಮಚವನ್ನು, ಮೂಗಿನ ಬಳಿ ಹಿಡಿದರೆ ಇಂದಿಗೂ ಪೆಟ್ರೋಲ್ ವಾಸನೆ ಬರುತ್ತದೆಂದು ನನ್ನ ವಾದ. ಅದನ್ನು ಹುಣಿಸೆಹಣ್ಣು ಹಾಕಿ ಬೆಳಗುವ ನನ್ನ ಹೆಂಡತಿ ದೋಷ ನನ್ನ ಮೂಗಿನದೆನ್ನುತ್ತಾಳೆ. ಇರಬಹುದು ಮಿತ್ರರೇ, ಆ ಮೂಗಿಗೊಂದು ಚರಿತ್ರೆಯಿದೆ.

ಐವತ್ತರ ದಶಕದಲ್ಲಿ ನಮ್ಮ ಯಲಹಂಕದ ಮನೆಯಲ್ಲೊಂದು ಮುದಿ ಕಾರಿತ್ತು. ಆಗ ಸಿಗುತ್ತಿದ್ದ ಪೆಟ್ರೋಲಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರ ಬೆರೆಸುತ್ತಿದ್ದರು. ಅದಕ್ಕೆ ನೀರು ಸೋಕಬಾರದು, ಮುಚ್ಚಳ ಬಿಗಿಯಾಗಿರಬೇಕು, ಗಾಡಿಯನ್ನು ಬಹುದಿನ ನಿಲ್ಲಿಸಬಾರದು ಎಂದು ಬಂಕಿನಲ್ಲಿ ಕೇಳಿದ್ದನ್ನೇ ಸ್ವಂತ ಸಂಶೋಧನೆಯೆಂಬಂತೆ ಮನೆಮಂದಿಗೆಲ್ಲ ಉಪದೇಶಿಸಿದ್ದೆ. ಅಮ್ಮನ ಕಿವಿಗೆ ಬಿದ್ದದ್ದು ಮದ್ಯವೊಂದೇ.

ತಂಗಿ ಸಾವಿತ್ರಿಯನ್ನು ನೋಡಲು ಗಂಡಿನವರು ಬರುವ ದಿನ, ಕುಡಿದ ಗಾಡಿಯಲ್ಲಿ ಬೀಗರಾಗುವವರನ್ನು ಕರೆತರುವುದೇ ಎಂದು ಅಮ್ಮ ಹಟ ಹಿಡಿದಳು. ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ ಸಾವಿತ್ರಿ ಸೊರಗಿದ್ದಳು. ಇದೂ ತಪ್ಪಿದರೆ ಎಂಬ ಹೆದರಿಕೆ ನನಗೂ ಇತ್ತು. ಗಾಡಿಯ ಶುದ್ಧಿಗೆಂದು ಉಪದೇಶಕನಾದ ನಾನೇ ಟ್ಯಾಂಕಿಗೆ ಮೂರು ಉದ್ಧರಣೆ ತೀರ್ಥ ಹಾಕಿದೆ. ಉಳಿದ ತೀರ್ಥವನ್ನು ಕಂಡಲ್ಲಿ ಚೆಲ್ಲುವಂತಿಲ್ಲವಲ್ಲ, ಪಾತ್ರೆಯನ್ನೇ ಬಗ್ಗಿಸಿದೆ.

ಶುದ್ಧಿಯೇನೋ ನಿಜಕ್ಕೂ ಆಯಿತು. ಮದ್ಯಸಾರವು ಪೆಟ್ರೋಲಿನ ಸಹವಾಸ ಬಿಟ್ಟು ತೀರ್ಥದೊಡನೆ ತಳ ಸೇರಿತು. ಆದರೆ ಎಂಜಿನ್ ಹೀರುವುದು ತಳದಿಂದಲೇ ಎಂಬುದು ಮಾತ್ರ ನನ್ನ ಪಾಂಡಿತ್ಯಕ್ಕೆ ಹೊಳೆದಿರಲಿಲ್ಲ. ಯಶವಂತಪುರದ ಸ್ಟೇಷನ್ನಿನಲ್ಲಿ ಗಂಡನ್ನೂ ಅವನ ತಾಯಿಯನ್ನೂ ಹತ್ತಿಸಿಕೊಂಡು ಹೊರಟ ಕಾರು ಕೆಮ್ಮುತ್ತ ಕೆಮ್ಮುತ್ತ ಹೆಬ್ಬಾಳದ ಕೆರೆ ಏರಿಯ ಮೇಲೆ ನಿಂತೇಬಿಟ್ಟಿತು. ತಳದ ನೀರು ತೆಗೆಯಲು ಟ್ಯಾಂಕಿನ ಕೊಳವೆಗೆ ಬಾಯಿಟ್ಟು ಹೀರಿ, ಉಗಿದು, ನಾನು ಮುಖವೆತ್ತಿದಾಗ ಆ ತಾಯಿ ಮೂಗಿಗೆ ಸೆರಗು ಹಿಡಿದಿದ್ದರು. ಹುಡುಗಿಯ ಅಣ್ಣ ಹಗಲಲ್ಲೇ ಕುಡಿದಿದ್ದಾನೆ ಎಂಬ ತೀರ್ಮಾನ ಅವರ ಕಣ್ಣಲ್ಲಿ ಕಂಡಿತು.

"ಕುಡಿದಿರೋದು ಕಾರು ಕಣಮ್ಮ, ನಾನಲ್ಲ," ಎಂದೆ. "ನಿಮ್ಮನ್ನ ಕೂರಿಸ್ಕೊಂಡು ಬರ್ಬೇಕಿತ್ತಲ್ಲ, ಅದಕ್ಕೆ ಟ್ಯಾಂಕಿಗೆ ತೀರ್ಥ ಹಾಕ್ದೆ."

ಅವರು ಬಾಡಿಗೆಗೆ ಸಿಕ್ಕ ಜಟಕಾ ಹತ್ತುವ ಮುನ್ನ, ಕೆರೆಯಲ್ಲಿ ನೀರು ಕುಡಿದು ಬಂದ ಕುದುರೆಯನ್ನು ಆಪಾದಮಸ್ತಕ ನೋಡಿ ನನ್ನತ್ತ ತಿರುಗಿದರು.

"ಇದಕ್ಕೆ ನೀರು ಹಾಕಿದ್ರೆ ತೊಂದ್ರೆ ಇಲ್ಲ ತಾನೇ?"

ಮಗ ಮೊದಲು ನಕ್ಕ, ಆಮೇಲೆ ಅವರೂ ನಕ್ಕರು. ನನಗೆ ಅಳುವೇ ಬಂದಿತ್ತು, ಸಂತೋಷದ ಅಳು.

ಸಾವಿತ್ರಿಯ ಮದುವೆಯಾದ ಮೇಲೆ ಆ ತಾಯಿ ಹಬ್ಬಕ್ಕೆ ಬಂದಾಗಲೆಲ್ಲ ಅಂಗೈಗೆ ಬಿದ್ದ ತೀರ್ಥವನ್ನು ಎಲ್ಲರೆದುರು ಒಮ್ಮೆ ಮೂಸಿ, ನನ್ನ ಮುಖ ನೋಡಿ, ಆಮೇಲೆಯೇ ಕುಡಿಯುತ್ತಿದ್ದರು. ಈಗ ಅವರಿಲ್ಲ. ಉಳಿದ ತೀರ್ಥವನ್ನು ನಾನು ತುಳಸಿಗೆ ಹಾಕುತ್ತೇನೆ. ಉದ್ಧರಣೆಯನ್ನು ಅವರ ಬದಲು ನಾನೇ ಮೂಸಿ ನೋಡುತ್ತೇನೆ.