ಎಂಬತ್ಮೂರಕ್ಕೆ ನಿಂತ ಆಟ

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಬೆರಳಷ್ಟು ಉದ್ದ ಬೆಳೆದಿತ್ತು. ಸಣ್ಣಪುಟ್ಟ ಸ್ಕ್ರೂಗಳನ್ನೆಲ್ಲ ಅದರಲ್ಲೇ ಬಿಚ್ಚೋರು. ಶಿರಾ ಪೇಟೆಯಲ್ಲಿ ಕಡಲೆಕಾಯಿ ಮಂಡಿಗೆ ಹೋಗೋ ದಾರೀಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಸಾಬರು. ಯಾರು ಏನು ತಂದಿಟ್ಟರೂ ಮೊದಲು ಸ್ಟೂಲು ತೋರಿಸಿ, "ಕೂತ್ಕೊಂಡು ಹೇಳಿ, ಏನಾಯ್ತು? ಕೇಳದೆ ನಾನು ಬಿಚ್ಚಲ್ಲ" ಅನ್ನೋರು.

ನಮ್ಮನೆಗೆ ಹಳೇ ಕಂಪ್ಯೂಟರ್ ಕೊಟ್ಟಿದ್ದು ಅವರೇ. ಆಗ ನನ್ನ ಮೊಮ್ಮಗಳಿಗೆ ಎಂಟು ವರ್ಷ. ಅವಳ ವಿಷಯ ಬರೆಯೋಕೆ ಕೂತರೆ ಒಂದು ನೋಟ್‌ಬುಕ್ಕು ಸಾಲದು, ಅಂಥಾ ಬಂಗಾರ! ಮನೆ ಮುಂದಿನ ರೊಪ್ಪದ ತುಂಬಾ ಕುರಿ ಇದ್ದರೂ ಅವಳಿಗೆ ಕಂಪ್ಯೂಟರಿನೊಳಗೆ ಕುರಿ ಸಾಕೋ ಆಟವೇ ಬೇಕು. ಹುಟ್ಟಿದಹಬ್ಬಕ್ಕೆ ತಂದುಕೊಡ್ತೀನಿ ಅಂತ ಮಾತು ಕೊಟ್ಟು, ಸಾಬರ ಅಂಗಡಿಯಿಂದ ಆ ಆಟದ ಸಿಡಿ ತಂದೆ.

ನಮ್ಮ ಮನೇಲಿ ಹೊಸ ಮೊರ ಬರಲಿ, ಹೊಸ ಟಗರು ಬರಲಿ, ಅರಿಶಿನ ಕುಂಕುಮ ಇಡದೆ ಒಳಗೆ ತಗೊಳ್ಳೋದಿಲ್ಲ. ಸಿಡಿಗೂ ಇಟ್ಟೆ. ಕನ್ನಡಿ ಥರ ಹೊಳೆಯೋ ಕಡೆಯೇ ಅದರ ಮುಖ ಅಂದುಕೊಂಡು, ಅಂಚಿನ ಹತ್ತಿರ ಅರಿಶಿನ ಕಲಸಿ ಹಚ್ಚಿ, ಮೇಲೆ ಕುಂಕುಮ. ಕೈಮುಗಿದು ನಾನೇ ಕಂಪ್ಯೂಟರಿಗೆ ಹಾಕಿದೆ.

ಆಟ ಒಳಗೆ ಇಳಿಯೋದನ್ನ ನೂರರವರೆಗೆ ಎಣಿಸೋ ಹಸಿರು ಪಟ್ಟಿ ಸರಸರ ಓಡಿ ಎಂಬತ್ಮೂರಕ್ಕೆ ನಿಂತುಬಿಟ್ಟಿತು. ಆಫ್ ಮಾಡಿ ಆನ್ ಮಾಡಿದೆವು. ಮತ್ತೆ ಎಂಬತ್ಮೂರು. ಮೂರನೇ ಸಲಾನೂ ಅಷ್ಟೇ. "ಅಜ್ಜಿ, ಕುರಿ ಈಚೆಗೇ ಬರ್ತಿಲ್ಲ" ಅಂತ ಮಗು ಅಳೋಕೆ ಶುರು ಮಾಡಿತು. ಸಿಡಿ ಕಿತ್ತು ಡಬ್ಬಿಗೆ ಹಾಕಿ ಶಿರಾ ಬಸ್ಸು ಹತ್ತಿದೆ.

ಅಂಗಡೀಲಿ ಒಬ್ಬರು ಟೀಚರಮ್ಮ ಕೂತಿದ್ದರು. ಅವರ ಶಾಲೆ ಕಂಪ್ಯೂಟರುಗಳನ್ನೆಲ್ಲ ರಿಪೇರಿಗೆ ಒಪ್ಪಿಸೋ ಮಾತು ನಡೀತಿತ್ತು. ನಾನು ಅದು ಯಾವುದನ್ನೂ ನೋಡಲಿಲ್ಲ.

"ಏನ್ ಸಾಬ್ರೆ, ಮುದುಕಿ ಅಂತ ಕೆಟ್ಟ್ ಸಿಡಿ ಕೊಟ್ ಕಳಿಸ್ಬುಟ್ರಾ? ಮಗಾ ಅತ್ತೂ ಅತ್ತೂ ಕಣ್ಣು ಊದಿಸ್ಕಂಡೈತೆ!"

"ಕೂತ್ಕೊಳ್ಳಿ ಅಮ್ಮಾ. ಎಷ್ಟಕ್ಕೆ ನಿಂತ್ಕೊಳ್ತು?"

"ಎಂಬತ್ಮೂರು! ಮೂರ್ ಸಲಾನೂ ಎಂಬತ್ಮೂರು! ಊರಿಗೆಲ್ಲ ಇಂಥದೇ ಮಾಲು ಕೊಡ್ತೀರಾ?"

ಅವರು ಸಿಡಿಯನ್ನು ಮಗುಚಿ ನೋಡಿದರು. ಆಮೇಲೆ ನನ್ನ ಹಣೆ ನೋಡಿದರು. ನನಗೊಬ್ಬಳಿಗೇ ಕಾಣೋ ಹಾಗೆ ಕೈ ತಿರುಗಿಸಿದರು. ಅರಿಶಿನ ಒಣಗಿ ಗಟ್ಟಿಯಾಗಿತ್ತು, ಅದರ ಮೇಲೆ ನನ್ನ ಕುಂಕುಮ. ಆಟ ತಡೆದದ್ದು ಅದೇ ಅಂತ ಆಗ ಗೊತ್ತಾಯ್ತು.

"ಹೌದೇನ್ರೀ, ಕೆಟ್ಟಿದ್ದು ಕೊಟ್ರಾ?" ಟೀಚರಮ್ಮ ಕೇಳಿದರು.

"ತಪ್ಪು ನಂದೇ ಮೇಡಂ" ಅಂದರು ಸಾಬರು. "ಹೇಳಿ ಕೊಡಬೇಕಾಗಿತ್ತು."

"ಹಂಗಾದ್ರೆ ನಮ್ ಕಂಪ್ಯೂಟರ್‌ಗಳನ್ನ ಹೆಂಗ್ರೀ ನಿಮ್ ಕೈಗೆ ಕೊಡೋದು? ಬೇಡ ಬಿಡಿ."

ಆಯಮ್ಮ ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಅವರನ್ನ ತಡೆಯೋಕೆ ನನ್ನ ಒಂದು ಮಾತು ಸಾಕಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನೆ ನಿಂತಿದ್ದೆ.

ಸಾಬರು ಹತ್ತಿ ಒದ್ದೆ ಮಾಡಿ, ನಡುವಿಂದ ಅಂಚಿಗೆ, ನಡುವಿಂದ ಅಂಚಿಗೆ, ಎಳೆಮಗು ಮೈ ಒರೆಸೋ ಹಾಗೆ ಒರೆಸಿದರು. ಡಬ್ಬಿಗಿಟ್ಟು ಮೆಲ್ಲಗೆ ಹೇಳಿದರು: "ಮುಂದಿನ ಸಲ ಡಬ್ಬಿಗೆ ಪೂಜೆ ಮಾಡಿ ಅಮ್ಮಾ. ಒಳಗಿರೋದಕ್ಕೆ ಬೇಡ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ಕ್ಷಮಿಸಿ ಅಂತಲೂ ಅನ್ನದೆ ಬಂದುಬಿಟ್ಟೆ.

ಸಂಜೆ ಪಟ್ಟಿ ಎಂಬತ್ಮೂರು ದಾಟಿತು, ನೂರಾಯಿತು. "ಕುರಿ ಬಂದ್ವು ಅಜ್ಜೀ!" ಅಂತ ಮಗು ಕುಣೀತು. ನಾನೂ ಮಂಡಿನೋವು ಮರೆತು ಕುಣಿದೆ. ಆ ಸಂತೋಷ ನೆನೆದರೆ ಈಗಲೂ ಮೈ ಜುಮ್ಮಂತದೆ. ಊಟಕ್ಕೆ ಕೂತಾಗ ಮಾತ್ರ ಆ ಟೀಚರಮ್ಮ ಮೆಟ್ಟಿಲಿಳಿದು ಹೋದದ್ದೇ ಕಣ್ಣ ಮುಂದೆ ಬಂತು.

ಆಮೇಲೆ ಎಷ್ಟೋ ಸಲ ಶಿರಾಕ್ಕೆ ಹೋದೆ. ಆ ಅಂಗಡಿ ಮುಂದೆ ಮುಖ ಆ ಕಡೆ ತಿರುಗಿಸಿಕೊಂಡು ನಡೆದೆ. ಮುಂದಿನ ಸಲ ಹೇಳೋಣ, ಮುಂದಿನ ಸಲ ಹೇಳೋಣ ಅನ್ನೋದರಲ್ಲೇ ಎರಡು ವರ್ಷ ಕಳೆದವು.

ಕೊನೆಗೊಂದು ದಿನ ಧೈರ್ಯ ಮಾಡಿ ಒಳಗೆ ಹೋದರೆ, ಅವರ ತಮ್ಮ ಕೂತಿದ್ದರು. "ಅಣ್ಣ ತೀರ್ಕೊಂಡು ಮೂರು ತಿಂಗಳಾಯ್ತಮ್ಮಾ" ಅಂದರು. ಅಂಗಡೀಲಿ ನಾಲ್ಕು ಜನ ಕಾಯ್ತಾ ನಿಂತಿದ್ದರು. ಅವತ್ತು ಕೂಗಾಡಿದಷ್ಟೇ ಗಟ್ಟಿಯಾಗಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ನಿಮ್ಮಣ್ಣ ಕೆಟ್ಟ್ ಸಿಡಿ ಕೊಟ್ಟಿರ್ಲಿಲ್ಲ ಕಣಪ್ಪಾ. ಕುಂಕುಮ ಇಟ್ಟು ಕೆಡಿಸ್ದೋಳು ನಾನು. ಸುಮ್ನೆ ನಿಂತಿದ್ದೋಳೂ ನಾನೇ."

ನಾಲ್ವರೂ ನನ್ನ ಮುಖ ನೋಡಿದರು. ಅವರಲ್ಲಿ ಆ ಟೀಚರಮ್ಮ ಇರಲಿಲ್ಲ.