ವಿಭೂತಿ ಬಳಿದ ಬಿರುಕು

ಬಾಷಣ್ಣ ಕಟ್ಟಿದ ಎಂಜಿನ್ನು ತಾನಾಗಿ ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು. ಕೆಡಿಸಿ, ಮೇಲೆ ವಿಭೂತಿ ಬಳಿದು ಮುಚ್ಚಿಟ್ಟೆ. ಅದರಿಂದ ಅವರ ಮಗಳು ಶಮೀಮ ಸತ್ತಳು, ಹೊಟ್ಟೆಯ ಕೂಸೂ ಸತ್ತಿತು. ಹತ್ತು ವರ್ಷ ಯಾರಿಗೂ ಹೇಳಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟ ಬರುತ್ತವೆ. ಓದಾಕೆ ಬಂದರೆ ಸಾಕು.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇಸವಿ. ಚನ್ನಗಿರಿಯಲ್ಲಿ ನಮ್ಮದೊಂದು ಬಾಡಿಗೆ ಕಾರಿತ್ತು. ನಮ್ಮ ಮನೆಯವರೇ ಓಡಿಸುತ್ತಿದ್ದರು — ಹೊನ್ನಾಳಿಗೆ ಮದುವೆಯವರು, ನ್ಯಾಮತಿಗೆ ಹೆಣ್ಣು ನೋಡುವವರು, ಹಿಂಗೆ. ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರಿನದು. ಹೊಗೆ ಉಗುಳುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ದಿಬ್ಬ ಹತ್ತಲು ಅಳುತ್ತಿತ್ತು. ಅದನ್ನು ಮೆಕ್ಯಾನಿಕ್ ಬಾಷಣ್ಣ ಪೂರಾ ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಕಟ್ಟಿದರು. ಅವರ ಗ್ಯಾರೇಜು ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ನಾನು ಹೋಗಿ ನಿಂತು ನೋಡುತ್ತಿದ್ದೆ. ಬೇರೆಯವರಾದರೆ ಒಳಗೆ ಹೋಗಮ್ಮ ಅನ್ನುತ್ತಿದ್ದರು. ಅವರು ಹೇಳಿಕೊಟ್ಟರು.

"ನೋಡ್ರಿ ಅಕ್ಕ, ಬೆಂಕಿ ಒಂದು, ಮೂರು, ನಾಲ್ಕು, ಎರಡು — ಈ ಸಾಲಿನಾಗೇ ಬೀಳಬೇಕು. ಈ ಕರಿ ಮುಚ್ಚಳ ಐತಲ್ಲ, ಡಿಸ್ಟ್ರಿಬ್ಯೂಟರಿಂದು, ನಾಲ್ಕೂ ಪ್ಲಗ್ಗಿಗೆ ಕರೆಂಟು ಹಂಚೋದು ಇದೇ. ನೀವು ಪಂಕ್ತಿಗೆ ಬಡಿಸಿದಂಗೆ."

"ನಾನು ಬಡಿಸಿದ್ರೆ ಒಬ್ಬರಿಗೆ ಎರಡು ಸಲ ಬಿದ್ದಿರ್ತೈತೆ" ಅಂದೆ.

"ಅದಕ್ಕೇ ಎಂಜಿನ್ ಮಾಡೋರು ನಿಮ್ಮನ್ನ ಕರೀಲಿಲ್ಲ."

ಪ್ಲಗ್ಗು ಒರೆಸುವುದು, ನೀರು, ಆಯಿಲ್ ನೋಡುವುದು ಎಲ್ಲಾ ಕಲಿತೆ. ಕಾರ್ ಸ್ಟ್ಯಾಂಡಿನ ಡ್ರೈವರುಗಳಿಗೆ ನನ್ನ ಕಂಡರೆ ನಗು. "ಗೌರಕ್ಕ ಕೈ ಹಾಕಿದ ಗಾಡಿ ತಳ್ಳಾಕೇ ಸೈ" ಅಂತಿದ್ದರು. ನಾನು ಬಿಡಲಿಲ್ಲ. ಎಂಜಿನ್ ಗೊತ್ತಿರುವ ಹೆಂಗಸು ಅಂತ ನನಗೊಂದು ಬಿಂಕ. ಆ ಬಿಂಕವೇ —

ಆಯುಧಪೂಜೆ ಬಂತು. ಎಲ್ಲರೂ ಗಾಡಿಯನ್ನು ಹೊರಗಿಂದ ತೊಳೆಯುತ್ತಾರೆ. ನಾನು ಬಾನೆಟ್ ಎತ್ತಿ ಒಳಗಿನದನ್ನೂ ತೊಳೆಯಲು ಹೋದೆ. ಎರಡು ಕ್ಲಿಪ್ಪು ಸರಿಸಿ ಆ ಕರಿ ಮುಚ್ಚಳ ತೆಗೆದೆ. ಕೈಯೆಲ್ಲಾ ಸೋಪು. ಜಾರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಎತ್ತಿ ನೋಡಿದೆ — ತಂತಿ ಕೂರುವ ಎರಡು ತೂತಿನ ನಡುವೆ ಕೂದಲೆಳೆಯಷ್ಟು ಬಿರುಕು. ಕಪ್ಪಿನಲ್ಲಿ ಕಪ್ಪು. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು.

ಒರೆಸಿ ವಾಪಸ್ ಕೂರಿಸಿದೆ. ಬಿರುಕಿನ ಮೇಲೆ ವಿಭೂತಿ ಕಲಸಿ ಮೂರು ಬೆರಳು ದಪ್ಪಗೆ ಎಳೆದೆ, ನಡುವೆ ಕುಂಕುಮ ಇಟ್ಟೆ. ಪೂಜೆ ಮಾಡಿದೆ. ಹೆದರಿ ಮಾಡಿದೆ ಅಂತ ಬರೆಯಬಹುದು. ಹೆದರಿಕೆ ಇರಲಿಲ್ಲ. ನಮ್ಮ ಮನೆಯವರು ಬೈಯುವವರಲ್ಲ. ಸ್ಟ್ಯಾಂಡಿನವರ ಮಾತು ನಿಜವಾಗುತ್ತದೆ — ಅದೊಂದೇ ನನ್ನ ತಲೆಯಲ್ಲಿದ್ದದ್ದು.

ಬಿಸಿಲಿರುವ ತನಕ ಗಾಡಿ ಚೆನ್ನಾಗೇ ಓಡಿತು. ಹಿಂಗಾರು ಮಳೆ ಹಿಡಿದ ಮೇಲೆ ಬಿರುಕಿಗೆ ತೇವ ಇಳಿದು, ಕರೆಂಟು ದಾರಿ ತಪ್ಪಿ, ಮಿಸ್ ಹೊಡೆಯತೊಡಗಿತು. ನಾಲ್ಕರಲ್ಲಿ ಎರಡು ಸಿಲಿಂಡರ್ ಮಲಗುತ್ತಿದ್ದವು, ಗಾಡಿ ನಡುಗುತ್ತಿತ್ತು. ಬಾಷಣ್ಣ ಬಂದು ಪ್ಲಗ್ಗು ನೋಡಿದರು, ಪಾಯಿಂಟು ನೋಡಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ತಂತಿಗಳನ್ನೆಲ್ಲಾ ಒರೆಸಿದರು. ಮುಚ್ಚಳದ ಹತ್ತಿರ ಬಂದಾಗ ಅವರ ಕೈ ವಿಭೂತಿ ಬಿಟ್ಟು ಸುತ್ತ ಹೋಯಿತು.

"ಅದನ್ನೂ ಒರೆಸ್ಲೇನು?" ಅಂತ ಕೇಳಿದರು ನಮ್ಮ ಮನೆಯವರು.

"ಬ್ಯಾಡ್ರಿ ಅಣ್ಣ. ಪೂಜೆದು. ತಾನಾಗೇ ಹೋಗ್ಲಿ. ಅಳಿಸಬಾರದು."

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ನಾನು ಒರೆಸಬಹುದಿತ್ತು, ನನ್ನ ವಿಭೂತಿ, ನನ್ನ ದೇವರು. ಅಷ್ಟರಲ್ಲಿ ಬಿಸಿಲು ಬಂತು, ಎಂಜಿನ್ ಕಾಯ್ದು ತೇವ ಆರಿತು, ನಾಲ್ಕೂ ಎದ್ದವು. ಕಾರ್ಬುರೇಟರಿನದೇ ದೋಷ ಅಂದುಕೊಂಡು ಅವರು ಹೋದರು.

ಮೂರು ದಿನಕ್ಕೆ ಶಮೀಮಳಿಗೆ ನೋವು ಬಂತು. ಚೊಚ್ಚಲು, ತವರಿಗೆ ಬಂದಿದ್ದಳು. ಸೂಲಗಿತ್ತಿ ಕೂಸು ಅಡ್ಡ ಐತೆ ಅಂದಳು. ಶಿವಮೊಗ್ಗದ ಆಸ್ಪತ್ರೆಗೆ ನಮ್ಮ ಗಾಡಿಯಲ್ಲೇ ಹೊರಟರು. ಹಿಂದಿನ ಸೀಟಿನಲ್ಲಿ ತಾಯಿ ಜುಬೇದಾ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಂದೆ ಬಾಷಣ್ಣ. ಮಧ್ಯಾಹ್ನ, ಜಡಿಮಳೆ. ನಾನು ಬಾಗಿಲಲ್ಲಿ ನಿಂತು ಕಳಿಸಿದೆ. ಗಾಡಿ ಕೆಡಬಹುದು, ಬ್ಯಾಡ್ರಿ, ಬಸ್ಸಿಗೆ ಹೋಗ್ರಿ — ಬಾಯಿತನಕ ಬಂದಿತ್ತು.

ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಬಾಷಣ್ಣ ಮಳೆಯಲ್ಲಿ ಬಾನೆಟ್ ಕೆಳಗೆ ತಲೆ ಹಾಕಿ ಮುಕ್ಕಾಲು ಗಂಟೆ ಒದ್ದಾಡಿದರಂತೆ. ಅಂಗಿ ಬಿಚ್ಚಿ ಎಲ್ಲಾ ಒರೆಸಿದರಂತೆ. ಆಗಲೂ ವಿಭೂತಿ ಮುಟ್ಟಲಿಲ್ಲ ಅಂತ ನಮ್ಮ ಮನೆಯವರು ಹೇಳಿದರು — ಮಗಳು ಹಿಂದೆ ಕೂಗುತ್ತಿದ್ದರೂ ಮುಟ್ಟಲಿಲ್ಲ. ಕೊನೆಗೆ ಒಂದು ಲಾರಿ ಸಿಕ್ಕಿತು. ಆಸ್ಪತ್ರೆಯಲ್ಲಿ, ಇನ್ನೊಂದು ಗಂಟೆ ಮುಂಚೆ ತಂದಿದ್ದರೆ, ಅಂದರಂತೆ.

ಮಣ್ಣಾಗಿ ಮೂರು ದಿನಕ್ಕೆ ಬಾಷಣ್ಣ ನಮ್ಮ ಅಂಗಳಕ್ಕೆ ಬಂದರು. ಕೂರಲಿಲ್ಲ.

"ಅಕ್ಕ, ಪೂಜೆ ದಿನ ಎಂಜಿನ್ ತೊಳೆದಿದ್ರಲ್ಲ. ಏನಾದ್ರೂ ಬಿದ್ದಿತ್ತೇನ್ರಿ?"

"ಇಲ್ಲ ಬಾಷಣ್ಣ."

ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ತಮ್ಮ ಕೈ ನೋಡಿಕೊಂಡರು. "ಹಂಗಾದ್ರೆ ನನ್ನ ಕೈಯೇ" ಅಂದರು. ಜುಬೇದಾಳೂ ಅವರಿಗೆ ಅದನ್ನೇ ಹೇಳಿದ್ದಳು — ನಿಮ್ಮ ಕೈಯೇ ನನ್ನ ಮಗಳನ್ನ ತಿಂತು, ಅಂತ. ಆಮೇಲೆ ಅವಳು ಗಂಡನ ಜೊತೆ ಮಾತು ಬಿಟ್ಟಳು. ಗ್ಯಾರೇಜಿಗೆ ಬೀಗ ಬಿತ್ತು. ಅವಳ ತಮ್ಮ ಜಗಳೂರಿನಲ್ಲಿದ್ದ, ಅಲ್ಲಿಗೆ ಹೋದರು.

ಅವರು ಹೋದ ವಾರ ನಾನು ಮುಚ್ಚಳ ಬದಲಾಯಿಸಿ ಅಂದೆ. ಯಾಕೆ ಅಂತ ನಮ್ಮ ಮನೆಯವರು ಕೇಳಲಿಲ್ಲ. ಹೊಸದು ಹಾಕಿದರು. ಮತ್ತೆ ಆ ಎಂಜಿನ್ನು ಒಂದು ದಿನವೂ ಮಿಸ್ ಹೊಡೆಯಲಿಲ್ಲ. ಮಳೆ, ದಿಬ್ಬ, ಒಂಬತ್ತು ಜನ ತುಂಬಿಕೊಂಡ ದಿಬ್ಬಣ — ಏಳು ವರ್ಷ, ಹೆಡ್ಡು ಬಿಚ್ಚದೆ ಓಡಿತು. ಅಳತೆ ಕಡ್ಡಿಯಲ್ಲಿ ಆಯಿಲ್ ಗೆರೆ ಇಳಿಯಲಿಲ್ಲ. ಬೆಳಗ್ಗೆ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಅವರ ಕೆಲಸ ಎಷ್ಟು ಗಟ್ಟಿ ಅನ್ನುವುದು ದಿನಾ ಕೇಳಿಸುತ್ತಿತ್ತು, ನನಗೊಬ್ಬಳಿಗೇ.

ಐದನೇ ವರ್ಷದಲ್ಲಿ ಒಂದು ಮದುವೆ ಬಾಡಿಗೆಯ ಜೊತೆ ಜಗಳೂರಿಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋದೆ. ಬಾಷಣ್ಣ ರಸ್ತೆ ಪಕ್ಕ ತಾಡಪಾಲಿನ ಕೆಳಗೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ಕೂತಿದ್ದರು. ಎಂಜಿನ್ನಿಗೆ ಕೈ ಹಾಕಲ್ಲ ಅಂತ ಆಣೆ ಇಟ್ಟುಕೊಂಡಿದ್ದರಂತೆ. ಜುಬೇದಾ ಊಟದ ತಟ್ಟೆ ತಂದು ಕಲ್ಲಿನ ಮೇಲಿಟ್ಟು, ಅವರ ಮುಖ ನೋಡದೆ ಹೋದಳು. ನಮ್ಮ ಗಾಡಿ ಆಫ್ ಮಾಡದೆ ನಿಂತಿತ್ತು. ಅವರು ಕೆಲಸ ನಿಲ್ಲಿಸಿ ಕಿವಿ ಕೊಟ್ಟರು.

"ಬಾಳ ಸಮ ಓಡ್ತೈತೆ. ಮತ್ತೆ ಯಾರ ಕೈಲಿ ಮಾಡ್ಸಿದ್ರಿ ಅಕ್ಕ?"

ಅದು ನೀವು ಮಾಡಿದ್ದೇ — ಅಷ್ಟೇ ಹೇಳಬೇಕಿತ್ತು. ನಾಲಿಗೆ ಬೇರೆಯದೇ ಹೇಳಿತು.

"ದಾವಣಗೆರೆಯವರು."

"ಒಳ್ಳೆ ಕೈ" ಅಂದರು. ಮತ್ತೆ ಟ್ಯೂಬು ನೀರಿಗೆ ಅದ್ದಿದರು.

ಮೊದಲನೆಯದು ಬಿಂಕಕ್ಕೆ ಹೇಳಿದ ಸುಳ್ಳು. ಎರಡನೆಯದು ಯಾಕೆ ಹೇಳಿದೆ ಅಂತ ನನಗೇ ಗೊತ್ತಿಲ್ಲ. ಹುಡುಕಿದ್ದೇನೆ, ಸಿಕ್ಕಿಲ್ಲ.

ಹೋದ ತಿಂಗಳು ಬಾಷಣ್ಣ ತೀರಿಕೊಂಡರು. ಹೆಂಡತಿ ಕೊನೆತನಕ ಮಾತಾಡಿಸಲಿಲ್ಲವಂತೆ. ಮಗಳನ್ನು ಕೊಂದವನು ಅಂತ ತಿಳಿದೇ ಅವಳು ಅವರ ಜೊತೆ ಬಾಳಿದಳು. ಅವರೂ ಹಂಗೇ ತಿಳಿದು ಸತ್ತರು. ಅದನ್ನು ಇನ್ನು ಯಾರೂ ಸರಿ ಮಾಡಲಾರರು. ನಾನಂತೂ ಮಾಡಲಾರೆ.

ಜುಬೇದಾ ಇನ್ನೂ ಇದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಜಗಳೂರಿಗೆ ಹೋಗುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಬರೆದದ್ದನ್ನು ನಾನೇ ಓದುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಮತ್ತೆ ಸುಳ್ಳು ಬಂದೀತು, ಅದಕ್ಕೇ ಬರೆದೆ. ಕ್ಷಮಿಸು ಅನ್ನುವುದಿಲ್ಲ. ಅವಳು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು, ಅವಳಿಗೆ ಕೇಳುವ ಹಂಗೆ, ಮುಗಿಯುವ ತನಕ ಓದುತ್ತೇನೆ.