ನೂರ ಒಂದು

ಹಳೆಯ ಪ್ರಿಂಟರೊಂದನ್ನು ಇವತ್ತು ನನ್ನ ಬೇಸ್‌ಮೆಂಟಿನಲ್ಲಿ ಚಾಲೂ ಮಾಡಿದೆ. ಬಿಸಿ ಟೋನರಿನ ವಾಸನೆ ಬಂತು. ಅದರ ಹಿಂದೆಯೇ ಹಳೆಯ ಸಿಟ್ಟೂ ಬಂತು... ನಮ್ಮ ಬೀದಿಯ ಮಾಷ್ಟ್ರ ಮೇಲಿನದು.

ಮಾಷ್ಟ್ರು ಅಂದರೆ ಉಡುಪಿ ಕಡೆಯ ನಿವೃತ್ತ ಇಂಜಿನಿಯರು. ಈ ಪರದೇಶದಲ್ಲಿ, ಥಾರ್ನ್‌ಹಿಲ್ಲಿನ ತಮ್ಮ ಮನೆಯಲ್ಲಿ, ಭಾನುವಾರ ಹನ್ನೆರಡು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಪ್ರತಿ ವಾರ ಹೊಸ ಪಾಠ, ತಾವೇ ಟೈಪು ಮಾಡಿ ಮುದ್ರಿಸಿದ ಹಾಳೆ. ಹಾಳೆ ಸಿಗದಿದ್ದರೆ ಮರುವಾರ ಇಬ್ಬರಾದರೂ ಕಡಿಮೆಯಾಗುತ್ತಾರೆ, ಹೀಗೇ ಕ್ಲಾಸು ಕರಗಿಹೋಗುತ್ತದೆ ಎಂಬ ಭಯ ಅವರಿಗೆ. ಆ ಭಯ ಸುಳ್ಳೇನಲ್ಲ.

ಈ ಪ್ರಿಂಟರು ಅವರದೇ. ಇದನ್ನು ಮನೆಯ ನೆಟ್‌ವರ್ಕಿಗೆ ಸೇರಿಸಲು ಪ್ರಿಂಟ್ ಸರ್ವರ್ ಎಂಬ ಪುಟ್ಟ ಡಬ್ಬಿಯಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ರೂಟರು ಅದಕ್ಕೆ ಹೊಸ ವಿಳಾಸ ಕೊಡುತ್ತಿತ್ತು, ಲ್ಯಾಪ್‌ಟಾಪು ಮಾತ್ರ ಹಳೆಯ ವಿಳಾಸದಲ್ಲೇ ಬಾಗಿಲು ಬಡಿಯುತ್ತಿತ್ತು. ಆಗ ನನಗೆ ಫೋನು. ಬರ್ಲಿಂಗ್ಟನ್ನಿನ ಆಫೀಸಿನಲ್ಲಿ ದಿನವಿಡೀ ಇದೇ ಕೆಲಸ ಮಾಡಿ, ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದವನು ಶೂ ಬಿಚ್ಚುವ ಮೊದಲೇ...

ಒಂದು ಶನಿವಾರ, ಇನ್ನು ಸಾಕಪ್ಪ ಎಂದು ಡಬ್ಬಿಗೆ ಕಾಯಂ ವಿಳಾಸ ಕೊಡಲು ಕೂತೆ. ಈ ವಿಳಾಸವೆಂದರೆ ಅಂಕಿಗಳ ಒಂದು ಸಾಲು; ಅದರ ಕೊನೆಯ ಅಂಕಿ ಐವತ್ತಿರಲಿ ಎಂದೆ.

"ಒಳ್ಳೆ ಕೆಲಸವನ್ನು ಸೊನ್ನೆಯಲ್ಲಿ ನಿಲ್ಲಿಸ್ತಾರಾ ಮಾರಾಯ? ಮದುವೆ ಮುಯ್ಯಿಗೆ ನೂರು ಕೊಡ್ತಿಯಾ, ನೂರ ಒಂದಾ? ನೂರ ಒಂದು ಹಾಕು."

ಐವತ್ತೊಂದು ಆಗಲಿ ಎಂದೆ. ಮಕ್ಕಳ ಪಾಠಕ್ಕೂ ಚೌಕಾಶಿಯಾ ಎಂದರು. ನೂರರಿಂದ ಮೇಲಿನ ಅಂಕಿಗಳನ್ನು ರೂಟರು ಮನೆಯ ಫೋನುಗಳಿಗೆಲ್ಲ ತಾನೇ ಹಂಚುತ್ತದೆ, ಒಂದೇ ಅಂಕಿ ಎರಡು ಕಡೆ ಹೋದರೆ ಕೆಲಸ ಕೆಡುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಹಲ್ಲು ಕಚ್ಚಿಕೊಂಡು ನೂರ ಒಂದು ಹಾಕಿದೆ. ಅವರು ಡಬ್ಬಿಗೆ ಕುಂಕುಮವಿಟ್ಟು, ೧೦೧ ಎಂದು ಚೀಟಿ ಬರೆದು ಅಂಟಿಸಿದರು.

ಮೂರನೆಯ ವಾರ, ರಜೆಗೆ ಬಂದ ಅವರ ಮೊಮ್ಮಗಳ ಫೋನಿಗೆ ಅದೇ ಅಂಕಿ ಸಿಕ್ಕಿತು. ಹಾಳೆ ಬರುತ್ತಿಲ್ಲ ಎಂದು ಭಾನುವಾರ ಬೆಳಿಗ್ಗೆ ಮಾಷ್ಟ್ರ ಫೋನು ಬಂತು. ರೂಟರು ನೂರ ಎರಡರಿಂದ ಹಂಚುವಂತೆ ಮಾಡಿದ್ದರೆ ಎಲ್ಲ ಮುಗಿಯುತ್ತಿತ್ತು. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಆದರೆ ಈ ಮನುಷ್ಯ ಒಮ್ಮೆಯಾದರೂ ಸೋಲಲಿ ಎಂಬ ಹಟ ನನಗೆ. ಮಧ್ಯಾಹ್ನ ಬರುತ್ತೇನೆ ಎಂದೆ.

ಹೋದಾಗ ಕ್ಲಾಸು ಮುಗಿದಿತ್ತು. ಹನ್ನೆರಡು ಹಾಳೆಗಳನ್ನೂ ಅವರು ಕೈಯಲ್ಲೇ ಬರೆದಿದ್ದರು. ಬೆರಳು ನೀವಿಕೊಳ್ಳುತ್ತಾ ಕೂತಿದ್ದರು.

"ಎಲ್ಲ ಮಕ್ಕಳೂ ಬಂದಿದ್ರು," ಎಂದರು. "ನೀನು ಹೇಳಿದ್ದೇ ಹಾಕು ಮಾರಾಯ."

ಬೈದಿದ್ದರೆ ಚೆನ್ನಾಗಿತ್ತು. ಐವತ್ತೊಂದು ಹಾಕಿ, ಗೆದ್ದವನಂತೆ ಮನೆಗೆ ಬಂದೆ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಕಳೆದ ಚಳಿಗಾಲದಲ್ಲಿ ಮಾಷ್ಟ್ರು ತೀರಿಕೊಂಡರು. ಪ್ರಿಂಟರನ್ನೂ ಡಬ್ಬಿಯನ್ನೂ ಅವರ ಹೆಂಡತಿ ನನಗೇ ಕೊಟ್ಟರು. ಚೀಟಿ ಇನ್ನೂ ಅಂಟಿಕೊಂಡಿದೆ, ೧೦೧. ಅದನ್ನು ಮಾಷ್ಟ್ರು ಕಿತ್ತಿರಲಿಲ್ಲ.

ಇವತ್ತು ನನ್ನ ರೂಟರಿನಲ್ಲಿ ಹಂಚಿಕೆಯನ್ನು ನೂರ ಎರಡರಿಂದ ಶುರುಮಾಡಿ, ಡಬ್ಬಿಗೆ ನೂರ ಒಂದನ್ನು ಕೊಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ. ಹಾಳೆ ಬಿಸಿಬಿಸಿಯಾಗಿ ಹೊರಬಂತು. ಇಸಿದುಕೊಳ್ಳಲು ಮಕ್ಕಳಿಲ್ಲ... ಕ್ಲಾಸು ಅವರೊಂದಿಗೇ ಮುಗಿದಿದೆ.